ತಾರಸಿಯ ಬಿಸಿಲು ಅಳೆದು ಕುಂಡ ಜೋಡಿಸಿದ ಕೆಲಸ: ಡಿಸೆಂಬರ್‌ನಿಂದ ಡಿಸೆಂಬರ್‌ವರೆಗೆ

ನರ್ಸರಿಯಲ್ಲಿ ಯಾವ ಗಿಡ ಕೇಳಿದರೂ "ಒಳ್ಳೆ ಬಿಸಿಲು ಬೀಳೋ ಕಡೆ ಇಡಿ ಮೇಡಮ್" ಎನ್ನುತ್ತಾರೆ. ಮಾತು ಸರಿ. ಆದರೆ ನಮ್ಮ ತಾರಸಿಯಲ್ಲಿ ಆ ಜಾಗ ಯಾವುದು? ಅಲ್ಲಿ ದಿನಕ್ಕೆ ಎಷ್ಟು ಗಂಟೆ ಬಿಸಿಲಿದೆ? ಜನವರಿಯಲ್ಲಿ ಇದ್ದ ಬಿಸಿಲು ಜೂನ್‌ನಲ್ಲೂ ಅಲ್ಲೇ ಇರುತ್ತದಾ? ಇದು ಗೊತ್ತಿಲ್ಲದೆ ಗಿಡ ತರುವುದನ್ನು ನಿಲ್ಲಿಸಿ, 2023ರ ಡಿಸೆಂಬರ್‌ನಿಂದ ಒಂದು ವರ್ಷ ಬಿಸಿಲು ಅಳೆದೆ. ಅದರ ಪ್ರಕಾರ ಕುಂಡ ಜೋಡಿಸಿದೆ. ಮಾಡಿದ್ದು, ಕೆಟ್ಟಿದ್ದು, ಖರ್ಚಾಗಿದ್ದು ಎಲ್ಲ ಇಲ್ಲಿದೆ.

ಜಾಗದ ವಿವರ ಮೊದಲು. ಬೆಂಗಳೂರಿನ 30×40 ಸೈಟು. ಮನೆ ಉತ್ತರಕ್ಕೆ ಮುಖ ಮಾಡಿದೆ, ಮುಂದೆ ರಸ್ತೆ. ತಾರಸಿ ಪೂರ್ವ-ಪಶ್ಚಿಮ 26 ಅಡಿ, ಉತ್ತರ-ದಕ್ಷಿಣ 34 ಅಡಿ. ಸುತ್ತ 3 ಅಡಿ ಪ್ಯಾರಾಪೆಟ್. ಪಶ್ಚಿಮದ ನಡುವೆ ಮೆಟ್ಟಿಲಿನ ರೂಮು, ಅದರ ಮೇಲೆ ನೀರಿನ ಟ್ಯಾಂಕು. ಪೂರ್ವದ ಮನೆಗಳು ನಮಗಿಂತ ತಗ್ಗು. ದಕ್ಷಿಣಕ್ಕೆ ಹಿಂದಿನ ಮನೆಯ ಗೋಡೆ ನಮ್ಮ ತಾರಸಿಯ ನೆಲಕ್ಕಿಂತ ಸುಮಾರು 20 ಅಡಿ ಎತ್ತರ ನಿಂತಿದೆ. ಆ ಗೋಡೆಗೂ ನಮ್ಮ ಪ್ಯಾರಾಪೆಟ್‌ಗೂ 5 ಅಡಿ ಅಂತರ. ಈ ಗೋಡೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಕಥೆ ಅದರದ್ದೇ.

ಡಿಸೆಂಬರ್ 2023: ದಿಕ್ಕು ಹಿಡಿದದ್ದು

ಸಾಮಾನು: 2 ಅಡಿ ಕಬ್ಬಿಣದ ಸರಳು, ಮರಳು ತುಂಬಿದ ಡಬ್ಬ, ಟೇಪು, ದಾರ, ಸೀಮೆಸುಣ್ಣ, ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲ್.

ಫೋನಿನ ದಿಕ್ಸೂಚಿ ನಂಬಲು ಆಗಲಿಲ್ಲ. ತಾರಸಿಯ ಒಂದು ಮೂಲೆಯಲ್ಲಿ ಒಂದು ಉತ್ತರ, ಇನ್ನೊಂದು ಮೂಲೆಯಲ್ಲಿ ಇನ್ನೊಂದು ಉತ್ತರ ತೋರಿಸಿತು. ಕಾಂಕ್ರೀಟಿನೊಳಗಿನ ಕಬ್ಬಿಣ ಅದನ್ನು ಎಳೆಯುತ್ತದೆ. ಹಾಗಾಗಿ ಶಂಕು ನೆಡುವ ಹಳೆಯ ಕ್ರಮವನ್ನೇ ಹಿಡಿದೆ. ಡಬ್ಬದ ಮರಳಿನಲ್ಲಿ ಸರಳನ್ನು ನೆಟ್ಟಗೆ ನಿಲ್ಲಿಸಿ, ತೂಗುಗುಂಡಿನಿಂದ ನೇರ ನೋಡಿದೆ. ಮರಳಿನಿಂದ ಮೇಲೆ ಪೂರ್ತಿ 2 ಅಡಿ ಸಿಗಬೇಕು, ಅದಕ್ಕೆ ತಕ್ಕಂತೆ ಉದ್ದ ಇರಲಿ. ಸರಳಿನ ಬುಡದಿಂದ ಎರಡೂವರೆ ಅಡಿ ದಾರ ಹಿಡಿದು ಸುತ್ತ ವೃತ್ತ ಎಳೆದೆ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕಡೆ ಒಂದು ಗುರುತು. ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಅದೇ ಪೂರ್ವ-ಪಶ್ಚಿಮ ಗೆರೆ. ನಮ್ಮ ಮನೆ ಬಹುತೇಕ ನೇರವಾಗಿಯೇ ಇದೆ ಎಂದು ಗೊತ್ತಾಯಿತು.

ಇನ್ನೊಂದು ವಿಷಯ. ಗಡಿಯಾರದಲ್ಲಿ 12 ಹೊಡೆದಾಗ ನಮ್ಮಲ್ಲಿ ಸೂರ್ಯ ನೆತ್ತಿಗೆ ಬಂದಿರುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಗೆ ನೆರಳು ಅತಿ ಚಿಕ್ಕದಾಗುವುದು 12 ಗಂಟೆ 18 ನಿಮಿಷದ ಸುಮಾರಿಗೆ. ಫೆಬ್ರವರಿಯಲ್ಲಿ ಅದು 12:34ರ ಹತ್ತಿರ ಹೋಗುತ್ತದೆ. "ಮಧ್ಯಾಹ್ನದ ನೆರಳು" ಎಂದು ನಾನು ಬರೆದಿರುವಲ್ಲೆಲ್ಲ ಈ ಹೊತ್ತು ಎಂದುಕೊಳ್ಳಿ.

ಡಿಸೆಂಬರ್ 22: ಮೊದಲ ನಕ್ಷೆ

ನೆಲವನ್ನು 3 ಅಡಿ ಚೌಕಗಳಾಗಿ ಭಾಗ ಮಾಡಿದೆ. ಅಡ್ಡ 8, ಉದ್ದ 11, ಒಟ್ಟು 88 ಚೌಕ. ಸೀಮೆಸುಣ್ಣ ಒಂದು ರಾತ್ರಿಯ ಇಬ್ಬನಿಗೇ ಅಳಿಸಿಹೋಯಿತು. ಉಳಿದಿದ್ದ ಪೇಂಟಿನಲ್ಲಿ ಚೌಕದ ಮೂಲೆಗೆಲ್ಲ ನೀಲಿ ಚುಕ್ಕಿ ಇಟ್ಟ ಮೇಲೆ ಸರಿಹೋಯಿತು. ಅದೇ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿಕೊಂಡೆ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೆ ಒಂದು ಹಾಳೆ. ಚೌಕದ ಅರ್ಧಕ್ಕಿಂತ ಜಾಸ್ತಿ ಭಾಗದಲ್ಲಿ ನೇರ ಬಿಸಿಲಿದ್ದರೆ ಹಳದಿ ಬಣ್ಣ, ಇಲ್ಲದಿದ್ದರೆ ಖಾಲಿ. ಸಂಜೆ ಹಾಳೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಪ್ರತಿ ಚೌಕಕ್ಕೂ ಗಂಟೆ ಕೂಡಿಸಿದೆ.

ನಾನು ಆಫೀಸಿನಲ್ಲಿದ್ದ ದಿನ ಹಾಳೆ ತುಂಬಿದ್ದು ಅಮ್ಮ. ಸಂಜೆ ಬಂದಾಗ, "ಹಿಂದಿನ ಸಾಲಿನ ನಡುವೆ ಒಂದೂ ಹಳದಿ ಹಚ್ಚೋಕೆ ಸಿಗಲಿಲ್ಲ ಕಣೇ, ನಾನು ಸರಿಯಾಗೇ ನೋಡಿದೀನಿ" ಎಂದರು. ಸರಿಯಾಗೇ ನೋಡಿದ್ದರು.

ಆ ದಿನದ ಲೆಕ್ಕ ಹೀಗಿತ್ತು. ಹಿಂದಿನ ಮನೆಯ ಮಧ್ಯಾಹ್ನದ ನೆರಳು ನಮ್ಮ ದಕ್ಷಿಣದ ಪ್ಯಾರಾಪೆಟ್‌ನಿಂದ ಒಳಗೆ ಒಂಬತ್ತೂಮುಕ್ಕಾಲು ಅಡಿವರೆಗೆ ಬಂದಿತ್ತು. ಆ ಪಟ್ಟಿಯ ನಡುಭಾಗದಲ್ಲಿ ಬೆಳಿಗ್ಗೆ ಎಂಟೂ ಕಾಲಿನವರೆಗೆ ಸ್ವಲ್ಪ, ಸಂಜೆ ನಾಲ್ಕೂ ಕಾಲಿನ ನಂತರ ಸ್ವಲ್ಪ ಬಿಸಿಲು. ನಡುವೆ ಪೂರ್ತಿ ನೆರಳು. ಅದೇ ಪಟ್ಟಿಯ ಪೂರ್ವದ ತುದಿಗೆ ಮಾತ್ರ ಹನ್ನೊಂದೂವರೆ ದಾಟುವವರೆಗೂ ಬಿಸಿಲಿತ್ತು. ಸೂರ್ಯ ಆಗ್ನೇಯದಿಂದ ಬರುವುದರಿಂದ ಗೋಡೆಯ ಮೂಲೆ ದಾಟಿ ಕಿರಣ ಒಳಗೆ ನುಗ್ಗುತ್ತದೆ. ಒಂದೇ ಗೋಡೆಯ ಪಕ್ಕ ಹತ್ತು ಹನ್ನೆರಡು ಅಡಿ ಸರಿದರೆ ಮೂರು ಗಂಟೆ ವ್ಯತ್ಯಾಸ. ರಸ್ತೆಯ ಕಡೆಯ ಉತ್ತರದ ಪಟ್ಟಿಗೆ ಎಂಟು ಗಂಟೆಗೂ ಮೀರಿ ಬಿಸಿಲು.

ಜನವರಿ 2024: ಮೆಂತ್ಯದ ಪರೀಕ್ಷೆ

ಗಂಟೆ ಎಣಿಸಿದ್ದಾಯಿತು. ಆದರೆ ಗಿಡ ಏನು ಹೇಳುತ್ತದೆ ಎಂದು ನೋಡಬೇಕಿತ್ತು. ಅಡುಗೆಮನೆಯ ಡಬ್ಬಿಯ ಮೆಂತ್ಯಕ್ಕಿಂತ ಅಗ್ಗದ ಬೆಳಕಿನ ಮಾಪಕ ನನಗೆ ಬೇರೆ ಸಿಕ್ಕಿಲ್ಲ. ಖಾಲಿ ಐಸ್‌ಕ್ರೀಮ್ ಡಬ್ಬ ನಾಲ್ಕು, ತಳಕ್ಕೆ ತೂತು, ಒಂದೇ ಮಣ್ಣು, ಪ್ರತಿ ಡಬ್ಬಕ್ಕೆ ಎರಡು ಚಮಚ ರಾತ್ರಿ ನೆನೆಸಿದ ಕಾಳು. ನಾಲ್ಕು ಕಡೆ ಇಟ್ಟೆ: ದಕ್ಷಿಣದ ಪಟ್ಟಿಯ ನಡುವೆ, ಪೂರ್ವದ ಪ್ಯಾರಾಪೆಟ್ ಬುಡದಲ್ಲಿ, ಮೆಟ್ಟಿಲಿನ ರೂಮಿನ ಪೂರ್ವದ ಮಗ್ಗುಲಲ್ಲಿ, ಉತ್ತರದ ಬಯಲಿನಲ್ಲಿ. ನೀರು ಅಳೆದು ಸಮ ಹಾಕಿದೆ.

ಹತ್ತು ದಿನಕ್ಕೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ಕಂಡಿತು. ಉತ್ತರದ ಡಬ್ಬ: ಗಿಡ್ಡ, ದಪ್ಪ ಕಾಂಡ, ಕಡು ಹಸಿರು. ಮೆಟ್ಟಿಲಿನ ರೂಮಿನ ಪಕ್ಕದ್ದು: ಸ್ವಲ್ಪ ಎತ್ತರ, ಎಲೆ ಅಗಲ, ಒಳ್ಳೆ ಹಸಿರು. ಸೊಪ್ಪಿಗೆ ನನಗೆ ಇದೇ ಎಲ್ಲಕ್ಕಿಂತ ಇಷ್ಟವಾಯಿತು. ದಕ್ಷಿಣದ ನಡುವಿನದ್ದು: ಉದ್ದಕ್ಕೆ ಎದ್ದು, ತಿಳಿ ಹಳದಿ ಬಣ್ಣಕ್ಕೆ ತಿರುಗಿ, ನೀರು ಹಾಕಿದ ತಕ್ಷಣ ಮಲಗಿತು. ಇದು ನಕ್ಷೆಯಲ್ಲೇ ಗೊತ್ತಿದ್ದದ್ದು.

ಪೂರ್ವದ ಪ್ಯಾರಾಪೆಟ್ ಬುಡದ ಡಬ್ಬ ಮಾತ್ರ ನಿರೀಕ್ಷೆಯಂತೆ ಬರಲಿಲ್ಲ. ಪೂರ್ವ ಅಂದರೆ ಬೆಳಗಿನ ಬಿಸಿಲು, ಎಲ್ಲರೂ ಒಳ್ಳೆಯದು ಎನ್ನುವ ಜಾಗ. ಆದರೂ ಗಿಡ ಸೊರಗಿ, ತಾರಸಿಯ ಒಳಗಡೆಗೆ ವಾಲಿತ್ತು. ಕಾರಣ ಹುಡುಕಿದ್ದು ಮಾರ್ಚ್‌ನಲ್ಲಿ.

ಅದೇ ತಿಂಗಳು ದಕ್ಷಿಣದ ನೆರಳಿನ ಪಟ್ಟಿಯಲ್ಲಿ ನೆರಳಿನ ಗಿಡಗಳನ್ನು ಜೋಡಿಸಿದೆ. ಜರಿಗಿಡ, ಆಂಥೂರಿಯಂ, ಒಂದೆಲಗ, ಒಂದು ವೀಳ್ಯದೆಲೆ ಬಳ್ಳಿ. ಜನವರಿ, ಫೆಬ್ರವರಿ ಎರಡೂ ತಿಂಗಳು ಅವು ಚೆನ್ನಾಗಿದ್ದವು.

ಮಾರ್ಚ್: ನೆರಳು ಜಾಗ ಬಿಟ್ಟು ಹೋಯಿತು

ದಕ್ಷಿಣದ ಗೋಡೆಯ ಮಧ್ಯಾಹ್ನದ ನೆರಳು ತಾರಸಿಯೊಳಗೆ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಹಾಕುತ್ತಾ ಬಂದೆ. ಡಿಸೆಂಬರ್ 22ಕ್ಕೆ ಒಂಬತ್ತೂಮುಕ್ಕಾಲು ಅಡಿ. ಸಂಕ್ರಾಂತಿಗೆ ಎಂಟೂವರೆ ಅಡಿ. ಶಿವರಾತ್ರಿಗೆ, ಅಂದರೆ ಮಾರ್ಚ್ 8ಕ್ಕೆ, ಒಂದೂವರೆ ಅಡಿ. ಮಾರ್ಚ್ 20ಕ್ಕೆ ತಾರಸಿಯಲ್ಲಿ ನೆರಳೇ ಇಲ್ಲ. ಮೊದಮೊದಲು ನಿಧಾನವಾಗಿ ಸರಿದ ನೆರಳು ಫೆಬ್ರವರಿಯಲ್ಲಿ ಓಡಿಬಿಟ್ಟಿತು.

ಫಲ: ಚಳಿಗಾಲದಲ್ಲಿ ಅತಿ ಕತ್ತಲಿದ್ದ ಜಾಗವೇ ಬೇಸಿಗೆಯಲ್ಲಿ ಮಧ್ಯಾಹ್ನದ ಸುಡು ಬಿಸಿಲಿನ ಜಾಗ. ಜರಿಗಿಡದ ಎಲೆಯ ತುದಿ ಕಂದಾಗಿ ಸುರುಟಿತು. ಆಂಥೂರಿಯಂ ಎಲೆಯ ಮೇಲೆ ಕಾಗದದಂಥ ಬಿಳಿ ಮಚ್ಚೆ ಬಿತ್ತು. ಒಂದೆಲಗದ ಕುಂಡ ಬೆಳಿಗ್ಗೆ ನೀರು ಕುಡಿದು ಮಧ್ಯಾಹ್ನಕ್ಕೇ ಬಾಡಿತು. ಒಂದು ಆಂಥೂರಿಯಂ ಉಳಿಯಲಿಲ್ಲ. ಡಿಸೆಂಬರ್‌ನ ಒಂದೇ ನಕ್ಷೆ ಹಿಡಿದು ಇಡೀ ವರ್ಷಕ್ಕೆ ಜಾಗ ನಿರ್ಧರಿಸಿದ್ದರ ಬೆಲೆ ಇದು. ನೀವು ಅಳೆಯುವುದಾದರೆ ಕಡಿಮೆ ಅಂದರೂ ಡಿಸೆಂಬರ್, ಮಾರ್ಚ್, ಜೂನ್ ಮೂರೂ ಬೇಕು. ಸೆಪ್ಟೆಂಬರ್ ಹೆಚ್ಚುಕಡಿಮೆ ಮಾರ್ಚ್‌ನಂತೆಯೇ ಇರುತ್ತದೆ.

ಉಳಿದ ಗಿಡಗಳನ್ನು ಕೆಳಗಿನ ಪೋರ್ಟಿಕೋಗೆ ಇಳಿಸಿದೆ. ಅಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ, ಆದರೆ ಓದುವಷ್ಟು ಒಳ್ಳೆ ಬೆಳಕಿದೆ. ಅಲ್ಲಿ ಚೇತರಿಸಿಕೊಂಡವು.

ಮಾರ್ಚ್ 21: ಪೂರ್ವದ ಪ್ಯಾರಾಪೆಟ್‌ನ ಗುಟ್ಟು

ಮೆಂತ್ಯ ಸೊರಗಿದ ಜಾಗದಲ್ಲಿ ಕೂತು ನೋಡಿದಾಗ ಗೊತ್ತಾಯಿತು. ನಾನು ನಕ್ಷೆ ಹಾಕಿದ್ದು 3 ಅಡಿ ಚೌಕಕ್ಕೆ. ಗಿಡ ಇರುವುದು ಗೋಡೆಗೆ ಒಂದೇ ಅಡಿ ದೂರದಲ್ಲಿ, ನೆಲದ ಮಟ್ಟದಲ್ಲಿ. ಚೌಕದ ಮುಕ್ಕಾಲು ಭಾಗಕ್ಕೆ ಬಿಸಿಲು ಬಂದಾಗಲೂ ಗೋಡೆಯ ಬುಡದ ಗಿಡ ನೆರಳಿನಲ್ಲೇ ಇರುತ್ತದೆ. ಹಾಳೆಯಲ್ಲಿ ಹಳದಿ, ಗಿಡಕ್ಕೆ ಕತ್ತಲು.

ಒಂದು ಅಡಿ ಎತ್ತರದ ಕುಂಡವನ್ನು ಗೋಡೆಯಿಂದ ಒಂದು ಅಡಿ ಬಿಟ್ಟು ನೆಲದ ಮೇಲಿಟ್ಟೆ. ಅದರಲ್ಲಿದ್ದ ಸಣ್ಣ ಸಸಿಗೆ ಮೊದಲ ನೇರ ಬಿಸಿಲು ತಗುಲಿದ್ದು 10:45ಕ್ಕೆ. ಆಮೇಲೆ 8 ಇಂಚಿನ ಹಾಲೋ ಬ್ಲಾಕ್ ಎರಡನ್ನು ಒಂದರ ಮೇಲೊಂದಿಟ್ಟು ಅದರ ಮೇಲೆ ಅದೇ ಕುಂಡ ಇಟ್ಟೆ. ಈಗ ಬಿಸಿಲು 8:45ಕ್ಕೇ ಬಂತು. 16 ಇಂಚು ಎತ್ತರಿಸಿದ್ದಕ್ಕೆ ದಿನಕ್ಕೆ ಎರಡು ಗಂಟೆ ಬೆಳಗಿನ ಬಿಸಿಲು ಸಿಕ್ಕಿತು. ಈ ಇಡೀ ವರ್ಷದಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಲಾಭ ಕೊಟ್ಟ ಕೆಲಸ ಇದೇ. ತಾರಸಿ ತೋಟ ಮಾಡುವ ಎಲ್ಲರೂ ಮೊದಲು ಇದನ್ನು ಮಾಡಿ ನೋಡಬೇಕು ಎಂದು ನನ್ನ ಆಸೆ.

ಮಾಡಿದ ವಿಧಾನ: ಹಾಲೋ ಬ್ಲಾಕ್ 12, ತಲಾ 40 ರೂಪಾಯಿ. ಎರಡೆರಡು ಜೋಡಿಸಿ ಆರು ಕಾಲು. ಮೇಲೆ ಅಡುಗೆಮನೆ ರಿಪೇರಿಯಲ್ಲಿ ತೆಗೆದಿಟ್ಟಿದ್ದ ಹಳೆಯ ಕಡಪಾ ಕಲ್ಲು. ಬ್ಲಾಕಿನ ಕೆಳಗೆ ಹಳೆ ಟೈರಿನ ತುಂಡು ಇಟ್ಟೆ, ವಾಟರ್‌ಪ್ರೂಫಿಂಗ್ ಪದರ ಕೊರೆಯಬಾರದು ಎಂದು. ಬ್ಲಾಕುಗಳನ್ನು ಗೋಡೆಯ ಮೇಲೆ ಭಾರ ಬೀಳುವ ಹಾಗೆ ಅಂಚಿನ ಸಾಲಿನಲ್ಲೇ ಇಟ್ಟೆ, ಸ್ಲ್ಯಾಬಿನ ನಡುವೆ ಅಲ್ಲ. ಮಕ್ಕಳಿರುವ ಮನೆಯಾದರೆ ಪ್ಯಾರಾಪೆಟ್ ಪಕ್ಕ ಇಂಥ ಕಟ್ಟೆ ಮಾಡಬೇಡಿ. ಹತ್ತಿ ನಿಂತರೆ ಗೋಡೆ ಸೊಂಟಕ್ಕಿಂತ ಕೆಳಗಾಗುತ್ತದೆ.

ಫೋನಿನಲ್ಲಿ ಬೆಳಕು ಅಳೆಯುವ ಪ್ರಯತ್ನ

ಲಕ್ಸ್ ಅಳೆಯುವ ಆಪ್ ಹಾಕಿಕೊಂಡೆ. ಸಾಮಾನ್ಯವಾಗಿ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನ ಆಸುಪಾಸು, ತೆರೆದ ನೆರಳು ಹತ್ತಿಪ್ಪತ್ತು ಸಾವಿರ, ಮನೆಯೊಳಗೆ ಕೆಲವು ನೂರು. ನನ್ನ ಫೋನಿನ ಸೆನ್ಸರ್ ಬಿಸಿಲಿಗೆ ಹಿಡಿದರೆ ಒಂದು ಅಂಕಿಗೆ ಹೋಗಿ ನಿಂತುಬಿಡುತ್ತಿತ್ತು. ಅಮ್ಮನ ಫೋನ್ ಬೇರೆಯೇ ಅಂಕಿ ಹೇಳಿತು. ಅಷ್ಟರಲ್ಲಿ ಫೋನ್ ಬಿಸಿಯಾಗಿ ಎಚ್ಚರಿಕೆಯನ್ನೂ ಕೊಟ್ಟಿತು.

ಕೊನೆಗೆ ದಾರಿ ಸಿಕ್ಕಿತು. ಸೆನ್ಸರ್ ಮೇಲೆ ಬಿಳಿ ಕಾಗದ ಎರಡು ಪದರ ಅಂಟಿಸಿ, ಅಂಕಿಯನ್ನು ನಂಬದೆ ಪಾಲನ್ನು ಮಾತ್ರ ನೋಡಿದೆ. ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ, ಅದೇ ನಿಮಿಷದಲ್ಲಿ, ಅದೇ ಕೋನದಲ್ಲಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಾಕು. ಶೇಡ್ ನೆಟ್ ಪರೀಕ್ಷೆಗೆ ಇದು ಚೆನ್ನಾಗಿ ಕೆಲಸಕ್ಕೆ ಬಂತು. ಫೋನ್ ಬೇಡ ಎನ್ನುವವರಿಗೆ ಕೈ ಸಾಕು. ಮಧ್ಯಾಹ್ನ ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳು ಬೆರಳಾಗಿ ಗಟ್ಟಿ ನೆರಳು ಬಿದ್ದರೆ ಒಳ್ಳೆ ಬಿಸಿಲು. ಕೈಯ ಆಕಾರ ಮಸುಕಾಗಿ ಕಂಡರೆ ಮಧ್ಯಮ. ಏನೂ ಸರಿಯಾಗಿ ಕಾಣದಿದ್ದರೆ ನೆರಳಿನ ಗಿಡಕ್ಕೆ ಮಾತ್ರ ಲಾಯಕ್ಕು.

ಮಾರ್ಚ್ ಕೊನೆ, ಏಪ್ರಿಲ್: ಶೇಡ್ ನೆಟ್

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೋರು ಬತ್ತಿದವು, ಟ್ಯಾಂಕರ್‌ಗೆ ಕಾಯಬೇಕಾಯಿತು, ಏಪ್ರಿಲ್‌ನಲ್ಲಿ ಮಳೆ ಹನಿಯಲಿಲ್ಲ. ಏಪ್ರಿಲ್ 28ಕ್ಕೆ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅಂಥ ಹೊತ್ತಲ್ಲಿ ಗಿಡಕ್ಕೆ ನೆರಳು ಕೊಟ್ಟರೆ ನೀರೂ ಉಳಿಯುತ್ತದೆ. ಪಾತ್ರೆ ತೊಳೆದ ನೀರನ್ನೇ ಹಂಚಿ ಹಾಕುತ್ತಿದ್ದಾಗ ಅದು ಸಣ್ಣ ವಿಷಯ ಅಲ್ಲ.

ಮೊದಲು ತಂದದ್ದು 75 ಪರ್ಸೆಂಟ್ ಹಸಿರು ನೆಟ್, 600 ರೂಪಾಯಿ. ಬಿಸಿಲು ಜಾಸ್ತಿ, ಹಾಗಾಗಿ ನೆರಳೂ ಜಾಸ್ತಿ ಇರಲಿ ಎನ್ನುವ ಲೆಕ್ಕ. ಅದರ ಕೆಳಗೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೆಳಕು ಮಾತ್ರ ಇಳಿಯುತ್ತಿತ್ತು. ಮೆಣಸಿನಗಿಡ ಸೊಂಪಾಗಿ ಎಲೆ ಬಿಟ್ಟು ಎತ್ತರ ಹೋಯಿತು, ಹೂ ಇಲ್ಲ. ಟೊಮ್ಯಾಟೊ ಕಾಂಡ ಸಣ್ಣಗಾಗಿ, ಬಂದ ನಾಲ್ಕು ಹೂವೂ ಉದುರಿದವು. ಟೊಮ್ಯಾಟೊ ಹೂ ಉದುರುವುದಕ್ಕೆ ಆ ಸೆಕೆಯೂ ಕಾರಣ ಇರಬಹುದು. ಆದರೆ ನೆಟ್‌ನ ಹೊರಗೆ ಇಟ್ಟಿದ್ದ ಅದೇ ವಯಸ್ಸಿನ ಮೆಣಸಿನಗಿಡದಲ್ಲಿ ಎಲೆ ಸುರುಟಿದ್ದರೂ ಹೂವಿತ್ತು, ಕಾಯಿಯೂ ಕಚ್ಚಿತ್ತು. ಹಣ್ಣು-ಕಾಯಿ ಕೊಡುವ ಗಿಡಕ್ಕೆ 75 ಬೇಡ. ಅದು ಜರಿಗಿಡ, ಆಂಥೂರಿಯಂಗೆ ಸರಿ.

ನಂತರ 50 ಪರ್ಸೆಂಟ್ ನೆಟ್ ತಂದೆ. 3 ಮೀಟರ್ ಅಗಲ, 5 ಮೀಟರ್ ಉದ್ದ, ಚದರ ಮೀಟರ್‌ಗೆ 45ರಂತೆ 675 ರೂಪಾಯಿ. ಇದರ ಕೆಳಗೆ ಅರ್ಧಕ್ಕೆ ಸ್ವಲ್ಪ ಮೇಲೆ ಬೆಳಕು. ಒಂದೆರಡು ವಾರದಲ್ಲಿ ಮೆಣಸಿನಗಿಡ ಮೊಗ್ಗು ತೋರಿಸಿತು.

ಕಂಬಕ್ಕೆ ತಾರಸಿ ಕೊರೆಯಲಿಲ್ಲ. 20 ಲೀಟರ್ ಪೇಂಟ್ ಬಕೆಟ್ ನಾಲ್ಕರಲ್ಲಿ ಜಿಐ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿದೆ. ಪೈಪ್ ಗುಜರಿಯಿಂದ, ನಾಲ್ಕಕ್ಕೆ 1,400. ಸಿಮೆಂಟು, ಜಲ್ಲಿ 250. ನೆಲದಿಂದ ಏಳೂವರೆ ಅಡಿ ಎತ್ತರ. ಒಂದೊಂದು ಬಕೆಟ್ ಸುಮಾರು 45 ಕೆಜಿ ತೂಗುತ್ತದೆ, ಇಬ್ಬರು ಬೇಕು. ತುಂಬುವ ಮೊದಲೇ ಬಕೆಟ್ಟನ್ನು ಅದರ ಜಾಗದಲ್ಲಿಟ್ಟುಕೊಳ್ಳಿ.

ನೆಟ್ ಕಟ್ಟಿದ ಮೇಲೆ ಇನ್ನೊಂದು ತೊಂದರೆ ಕಂಡಿತು. ಮಧ್ಯಾಹ್ನ ನೆಟ್‌ನ ನೆರಳು ನೆಟ್‌ನ ಕೆಳಗೇ ಬೀಳುತ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಒಂದೂವರೆ ಅಡಿ ಉತ್ತರಕ್ಕೆ ಸರಿದು ಬೀಳುತ್ತಿತ್ತು. ಹಾಗಾಗಿ ದಕ್ಷಿಣದ ಅಂಚಿನ ಸಾಲು ಬಿಸಿಲಲ್ಲೇ ಇತ್ತು. ಕುಂಡಗಳನ್ನೇ ಒಂದೂವರೆ ಅಡಿ ಉತ್ತರಕ್ಕೆ ಸರಿಸಿದೆ.

ಇದೇ ಸಮಯದಲ್ಲಿ ನರ್ಸರಿಯಿಂದ ತಂದ ಮೆಣಸಿನ ಸಸಿಗಳನ್ನು ನೇರ ಬಿಸಿಲಿಗಿಟ್ಟು ಎಲೆಗೆ ಬಿಳಿ ಮಚ್ಚೆ ಬಿತ್ತು. ಅವು ನೆಟ್ ಮನೆಯಲ್ಲಿ ಬೆಳೆದ ಸಸಿಗಳು. ಬಿಸಿಲಿನ ಗಿಡವೇ ಆದರೂ ಬಿಸಿಲು ರೂಢಿಯಾಗಬೇಕು. ಮುಂದಿನ ಸಲ ಮೊದಲ ಒಂದು ವಾರ ಬೆಳಗಿನ ಬಿಸಿಲು ಮಾತ್ರ ಕೊಟ್ಟು, ಆಮೇಲೆ ಬಯಲಿಗೆ ಇಟ್ಟೆ. ಒಂದೂ ಸುಡಲಿಲ್ಲ.

ಏಪ್ರಿಲ್ 24: ನೆರಳಿಲ್ಲದ ದಿನ

ಈ ದಿನ ಮಧ್ಯಾಹ್ನ 12:17ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಮತ್ತೆ ಆಗಸ್ಟ್ 18ರ ಸುಮಾರಿಗೆ ಹೀಗೇ ಆಗುತ್ತದೆ. ಇದನ್ನು ಕೆಲಸಕ್ಕೆ ಬಳಸಿಕೊಂಡೆ. ನೆಟ್ಟಗೆ ನಿಂತ ಕಂಬಕ್ಕೆ ಆ ಹೊತ್ತಿಗೆ ನೆರಳು ಇರಬಾರದು. ನಮ್ಮ ನಾಲ್ಕು ಪೈಪುಗಳಲ್ಲಿ ಎರಡಕ್ಕೆ ನೆರಳು ಹೊರಗೆ ಕಂಡಿತು, ಅಂದರೆ ಅವು ವಾಲಿದ್ದವು. ಬಕೆಟ್ ಕೆಳಗೆ ಕಲ್ಲಿನ ಚೂರು ಕೊಟ್ಟು ನೆರಳು ಮಾಯವಾಗುವವರೆಗೆ ಸರಿಮಾಡಿದೆ. ಅಮ್ಮ, ಪಕ್ಕದ ಮನೆಯ ಮಕ್ಕಳು ಎಲ್ಲ ಮೇಲೆ ಬಂದು ಲೋಟ, ಚೊಂಬು ಇಟ್ಟು ನೋಡಿದರು. ಮಕ್ಕಳಿಗೆ ಖಂಡಿತ ತೋರಿಸಬೇಕಾದ ದಿನ.

ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. "ದಕ್ಷಿಣಕ್ಕೆ ತೆರೆದ ಜಾಗವೇ ಬಿಸಿಲಿನ ಜಾಗ" ಎಂದು ಯೂರೋಪು, ಅಮೆರಿಕದವರು ಬರೆದಿರುವುದು ಅವರ ಊರಿಗೆ ಸರಿ. ನಮ್ಮಲ್ಲಿ ವರ್ಷದ ಮೂರನೇ ಒಂದು ಭಾಗ ಅದು ಉಲ್ಟಾ. ಅವರ ಪುಸ್ತಕ ನೋಡಿ ಕುಂಡ ಜೋಡಿಸಬೇಡಿ.

ಮೇ: ಭರಣಿ ಮಳೆ, ಹರಿದ ನೆಟ್

ಮೇ ಮೊದಲ ವಾರ ಗಾಳಿಯ ಜೊತೆ ಮಳೆ ಬಂತು. ಊರಿನಲ್ಲಿ ಮರಗಳೇ ಬಿದ್ದವು. ನಮ್ಮ ನೆಟ್ ಎರಡು ಮೂಲೆಯಲ್ಲಿ ಹರಿದು ರಸ್ತೆಯ ಕಡೆ ಹಾರಾಡುತ್ತಿತ್ತು. ಬೈಂಡಿಂಗ್ ವೈರ್‌ನಲ್ಲಿ ನೆಟ್ಟನ್ನು ಪೈಪಿಗೆ ಬಿಗಿಯಾಗಿ ಕಟ್ಟಿದ್ದೆ. ತಂತಿ ಹರಿಯಲಿಲ್ಲ, ನೆಟ್ ಹರಿಯಿತು.

ಎರಡನೇ ಸಲ ಕಟ್ಟಿದ್ದು ಹೀಗೆ. ನೆಟ್‌ನ ಅಂಚನ್ನು 3 ಇಂಚು ಮಡಚಿ, ಒಳಗೆ ನೈಲಾನ್ ಹಗ್ಗ ಇಟ್ಟು, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದೆ. ಹಗ್ಗವನ್ನು ಪೈಪಿಗೆ ಸಣ್ಣ ಕೇಬಲ್ ಟೈಗಳಿಂದ ಕಟ್ಟಿದೆ. ಜೋರು ಗಾಳಿ ಬಂದರೆ ಟೈ ಹರಿಯಲಿ, ನೆಟ್ ಉಳಿಯಲಿ ಎಂದು. ಒಂದು ಬದಿಯನ್ನು ಮಾತ್ರ ತಂತಿಯಲ್ಲಿ ಭದ್ರ ಮಾಡಿದ್ದರಿಂದ ಬಿಡಿಸಿಕೊಂಡರೂ ನೆಟ್ ಹಾರಿಹೋಗುವುದಿಲ್ಲ. ಮೇ ಕೊನೆಯ ಗಾಳಿಗೆ ಕೆಲವು ಟೈ ಹರಿದವು, ನೆಟ್‌ಗೆ ಏನೂ ಆಗಲಿಲ್ಲ. ಹಗ್ಗ, ತಂತಿ, ಟೈ ಸೇರಿ 320 ರೂಪಾಯಿ.

ಜೂನ್: ಮೂರನೇ ನಕ್ಷೆ, ನೆಟ್ ಬಿಚ್ಚಿದ್ದು

ಜೂನ್ 2ಕ್ಕೆ ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಅದರ ಬೆನ್ನಿಗೇ ನೆಟ್ ಬಿಚ್ಚಿ ಮಡಚಿಟ್ಟೆ. ಮೋಡದ ತಿಂಗಳಲ್ಲಿ ನೆಟ್ ಕಟ್ಟಿಟ್ಟರೆ ಇರುವ ಬೆಳಕನ್ನೂ ಕಸಿದಂತೆ. ವರ್ಷವಿಡೀ ನೆಟ್ ಬಿಟ್ಟಿರುವ ತಾರಸಿಗಳನ್ನು ನೋಡಿದಾಗ ಬೇಜಾರಾಗುತ್ತದೆ. ಕೆಳಗಿನ ಗಿಡಗಳು ಬರೀ ಎಲೆ ಮಾಡಿಕೊಂಡು ನಿಂತಿರುತ್ತವೆ.

ಜೂನ್ 21ರ ಆಸುಪಾಸು ಮೋಡ ಸರಿದ ದಿನ ನೋಡಿ ನಕ್ಷೆ ಹಾಕಿದೆ. ಉತ್ತರದ ಪ್ಯಾರಾಪೆಟ್‌ನ ಮಧ್ಯಾಹ್ನದ ನೆರಳು ಅರ್ಧ ಅಡಿ ನಮ್ಮ ಒಳಗೆ ಬಿದ್ದಿತ್ತು. ದಕ್ಷಿಣದ ಪಟ್ಟಿಗೆ ಪೂರ್ತಿ ಬಿಸಿಲು. ರಸ್ತೆಯ ವಾಯವ್ಯದ ಹೊಂಗೆ ಮರದ ನೆರಳು ಸಂಜೆ ಹೊತ್ತಿಗೆ ತಾರಸಿಗೆ ಬಂತು. ಡಿಸೆಂಬರ್‌ನಲ್ಲಿ ಆ ಮರ ನಮ್ಮ ಲೆಕ್ಕಕ್ಕೇ ಇರಲಿಲ್ಲ.

ಜುಲೈನಲ್ಲಿ ಗಂಟೆ ಎಣಿಸುವುದಕ್ಕೆ ಅರ್ಥವೇ ಇರಲಿಲ್ಲ, ಮೋಡ ಅಷ್ಟಿತ್ತು. ಎಂಟು ಗಂಟೆಯ ಜಾಗದಲ್ಲಿದ್ದ ಟೊಮ್ಯಾಟೊ ಕೂಡ ಸಪ್ಪಗೆ ನಿಂತಿತು. ಹರಿವೆ, ದಂಟು, ಬಸಳೆ, ಪುದೀನ ಮಾತ್ರ ಬೇಕಾದಷ್ಟು ಬಂದವು. ಈ ವರ್ಷದಿಂದ ಮಳೆಗಾಲಕ್ಕೆ ಸೊಪ್ಪು, ಟೊಮ್ಯಾಟೊ ಸಸಿ ಹಾಕುವುದು ಸೆಪ್ಟೆಂಬರ್‌ಗೆ ಎಂದು ಇಟ್ಟುಕೊಂಡಿದ್ದೇನೆ.

ಅಕ್ಟೋಬರ್, ನವೆಂಬರ್: ಸೇವಂತಿಗೆ ಮತ್ತು ಬೀದಿ ದೀಪ

ಉತ್ತರದ ಪ್ಯಾರಾಪೆಟ್ ಮೇಲೆ ಎರಡು ಸೇವಂತಿಗೆ ಕುಂಡ, ಮೆಟ್ಟಿಲಿನ ರೂಮಿನ ಪೂರ್ವಕ್ಕೆ ಎರಡು. ಒಂದೇ ಗಿಡದಿಂದ ಮಾಡಿದ ಸಸಿಗಳು. ಹಗಲಿನ ಬಿಸಿಲು ಜಾಸ್ತಿ ಇದ್ದದ್ದು ಪ್ಯಾರಾಪೆಟ್ ಮೇಲಿನವಕ್ಕೆ. ಆದರೂ ದೀಪಾವಳಿ ಹೊತ್ತಿಗೆ ಮೊಗ್ಗು ತುಂಬಿದ್ದು ರೂಮಿನ ಪಕ್ಕದವು. ಪ್ಯಾರಾಪೆಟ್ ಮೇಲಿನವು ಹಸಿರಾಗಿ, ಬರೀ ಎಲೆ.

ರಾತ್ರಿ ಮೇಲೆ ಹೋಗಿ ನೋಡಿದಾಗ ಕಾರಣ ತಿಳಿಯಿತು. ಬೀದಿಯ ಎಲ್‌ಇಡಿ ದೀಪ ನೇರ ಆ ಎರಡು ಕುಂಡಗಳ ಮೇಲೆ ಬೀಳುತ್ತಿತ್ತು. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲ ರಾತ್ರಿ ಬೇಕು. ಬೆಂಗಳೂರಿನ ಸುತ್ತ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬ್ ಉರಿಸಿ ಹೂ ಬರುವುದನ್ನು ಮುಂದಕ್ಕೆ ಹಾಕುವುದು ಇದೇ ಕಾರಣಕ್ಕೆ. ನಮ್ಮ ಬೀದಿ ದೀಪ ಅದೇ ಕೆಲಸವನ್ನು ಬೇಡದ ಹೊತ್ತಲ್ಲಿ ಮಾಡುತ್ತಿತ್ತು. ಕುಂಡಗಳನ್ನು ದೀಪ ಕಾಣದ ಕಡೆಗೆ ಸರಿಸಿದೆ. ನವೆಂಬರ್ ಕೊನೆಗೆ ಮೊಗ್ಗು ಕಂಡವು. ಬಿಸಿಲು ಎಷ್ಟಿದೆ ಎಂದು ನೋಡುವವರು ಕತ್ತಲು ಎಷ್ಟಿದೆ ಎಂದೂ ಒಮ್ಮೆ ರಾತ್ರಿ ನೋಡಬೇಕು.

ಸೆಪ್ಟೆಂಬರ್ ಕೊನೆಯಿಂದ ದಕ್ಷಿಣದ ಗೋಡೆಯ ನೆರಳು ಮತ್ತೆ ಒಳಗೆ ಬರತೊಡಗಿತ್ತು. ಆ ಪಟ್ಟಿಯ ಪ್ಯಾರಾಪೆಟ್ ಒಳಬದಿಗೆ ಸುಣ್ಣ ಬಳಿದು ನೋಡಿದೆ. ಸುಣ್ಣ, ಬ್ರಷ್ಷು 210 ರೂಪಾಯಿ. ಬಿಸಿಲಿನ ಹತ್ತರಲ್ಲಿ ಒಂದು ಪಾಲು ಇದ್ದ ಬೆಳಕು ಎಂಟರಲ್ಲಿ ಒಂದು ಪಾಲಾಯಿತು. ಗಿಡ ಒಂದೇ ಕಡೆ ವಾಲುವುದು ಕಡಿಮೆಯಾಯಿತು, ಅಷ್ಟೇ. ಬದನೆ ಬೆಳೆಯುವಷ್ಟು ಅದರಿಂದ ಆಗುವುದಿಲ್ಲ.

ಡಿಸೆಂಬರ್ 2024: ಈಗ ಎಲ್ಲಿ ಏನಿದೆ

ಉತ್ತರದ ಬಯಲು, ಆರು ಗಂಟೆಗೆ ಮೇಲೆ: ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಹೀರೆ ಬಳ್ಳಿ, ಕರಿಬೇವು, ಗುಲಾಬಿ, ಚೆಂಡುಹೂ. ಅಮ್ಮನ ತುಳಸಿಯೂ ಇಲ್ಲಿಗೇ ಬಂತು. ಮೊದಲು ಅದು ಪೂರ್ವದ ಗೋಡೆಯ ಬುಡದಲ್ಲಿ ಸಣ್ಣಗೆ ಉದ್ದ ಎದ್ದಿತ್ತು, ಈಗ ಪೊದೆ ಕಟ್ಟಿದೆ. ಮಲ್ಲಿಗೆಯನ್ನೂ ಇಲ್ಲೇ ಇಟ್ಟಿದ್ದೇನೆ.

ಪೂರ್ವದ ಎತ್ತರಿಸಿದ ಕಟ್ಟೆ: ಸಸಿ ಮಡಿ, ಕೊತ್ತಂಬರಿ, ಪಾಲಕ್, ಬೀನ್ಸ್.

ಮೆಟ್ಟಿಲಿನ ರೂಮಿನ ಪೂರ್ವ, ಬೆಳಿಗ್ಗೆ ಬಿಸಿಲು, ಎರಡು ಗಂಟೆಯ ಮೇಲೆ ನೆರಳು: ಮೆಂತ್ಯ, ಪುದೀನ, ದೊಡ್ಡಪತ್ರೆ, ಸೇವಂತಿಗೆ. ಬೇಸಿಗೆಗೆ ಇದು ತಾರಸಿಯಲ್ಲೇ ಒಳ್ಳೆಯ ಜಾಗ. ನೀರೂ ಕಡಿಮೆ ಸಾಕು.

ದಕ್ಷಿಣದ ಪಟ್ಟಿ: ಇಲ್ಲಿ ಕಾಯಂ ಯಾವುದೂ ಇಲ್ಲ. ಚಕ್ರದ ಸ್ಟ್ಯಾಂಡ್ ನಾಲ್ಕು ತಂದೆ, ತಲಾ 350. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಂದೆಲಗ, ವೀಳ್ಯದೆಲೆ, ಜರಿಗಿಡ. ಶಿವರಾತ್ರಿಗೆ ಅವನ್ನು ಉರುಳಿಸಿ ಮೆಟ್ಟಿಲಿನ ಹತ್ತಿರ ಒಯ್ದು, ಆ ಜಾಗಕ್ಕೆ ಬೆಂಡೆ, ಹಾಗಲ. ನಡುವಿನ ಅತಿ ಕತ್ತಲ ಜಾಗದಲ್ಲಿ ಕಾಂಪೋಸ್ಟ್ ಡ್ರಮ್ ಇಟ್ಟಿದ್ದೇನೆ.

ಖರ್ಚು: ಸೀಮೆಸುಣ್ಣ, ಹಾಳೆ, ಜೆರಾಕ್ಸ್ 85. ಹಾಲೋ ಬ್ಲಾಕ್ 480. ಕೆಲಸಕ್ಕೆ ಬಾರದ 75 ಪರ್ಸೆಂಟ್ ನೆಟ್ 600. 50 ಪರ್ಸೆಂಟ್ ನೆಟ್ 675. ಪೈಪ್ 1,400. ಸಿಮೆಂಟು, ಜಲ್ಲಿ 250. ಹಗ್ಗ, ತಂತಿ, ಟೈ 320. ಸುಣ್ಣ, ಬ್ರಷ್ಷು 210. ಚಕ್ರದ ಸ್ಟ್ಯಾಂಡ್ 1,400. ಒಟ್ಟು 5,420 ರೂಪಾಯಿ. ನಕ್ಷೆ ಮತ್ತು ಬ್ಲಾಕ್ ಎರಡೇ ಮಾಡಿದ್ದರೂ, 565 ರೂಪಾಯಿಗೆ ಅರ್ಧಕ್ಕಿಂತ ಜಾಸ್ತಿ ಲಾಭ ಸಿಗುತ್ತಿತ್ತು.

ಬಾಕಿ ಇರುವುದು ನಿಂಬೆ ಗಿಡ. ಅರ್ಧ ಕತ್ತರಿಸಿದ ನೀಲಿ ಡ್ರಮ್‌ನಲ್ಲಿದೆ, ದಕ್ಷಿಣದ ನೆರಳಿನ ಅಂಚಿನಲ್ಲಿ ಸಿಕ್ಕಿಕೊಂಡಿದೆ, ಚಳಿಗಾಲದಲ್ಲಿ ಒಂದು ಹೂವೂ ಬಿಡುತ್ತಿಲ್ಲ. ಅದರ ತೂಕಕ್ಕೆ ಚಕ್ರದ ಸ್ಟ್ಯಾಂಡ್ ತಡೆಯುವುದಿಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ ಡ್ರಮ್ ಕೆಳಗೆ ಎರಡು ಪೈಪು ಕೊಟ್ಟು, ನಾಲ್ಕು ಚೌಕ ಉತ್ತರಕ್ಕೆ ಉರುಳಿಸಬೇಕು. ಸಂಕ್ರಾಂತಿ ರಜೆಗೆ ತಮ್ಮ ಬರುತ್ತಾನೆ, ಆಗ ಆ ಕೆಲಸ.